ಚೈನ್ ಕವರಿನ ಬೋಲ್ಟು

ಆರು ವಾರದಲ್ಲಿ ನಾಲ್ಕನೆಯ ಸಲ ಅದೇ ಬೈಕು, ಅದೇ ಸದ್ದಿನ ದೂರಿನೊಂದಿಗೆ ನಮ್ಮ ಗ್ಯಾರೇಜಿಗೆ ಬಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಮೆಕ್ಯಾನಿಕ್ಕಿಗೆ ಇದಕ್ಕಿಂತ ಅವಮಾನ ಬೇರೆ ಇಲ್ಲ. ಬಿಗಿ ಮಾಡಿದ ಬೋಲ್ಟು ಬಿಗಿಯಾಗಿಯೇ ಇರಬೇಕು. ಹತ್ತು ವರ್ಷದ ಹಿಂದೆ ಅಪ್ಪ ನನ್ನ ಕೈಗೆ ಸ್ಪಾನರ್ ಕೊಟ್ಟಾಗ ಕಲಿಸಿದ ಮೊದಲ ಪಾಠವೇ ಅದು.

ಬೈಕಿನ ಯಜಮಾನರು ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷೆ ಮಾಡುವವರು. ತಾನು ಡಾಕ್ಟರಲ್ಲ ಎಂದು ಅವರು ಎಷ್ಟು ಸಲ ಹೇಳಿದರೂ ಅಪ್ಪ ಅವರನ್ನು ಕಿವಿ ಡಾಕ್ಟ್ರೇ ಎಂದೇ ಕರೆಯುತ್ತಿದ್ದರು. ಅವತ್ತೂ ಅವರು ಇಂಜಿನ್ ಸ್ಟಾರ್ಟ್ ಮಾಡಿ, ತಲೆ ಸ್ವಲ್ಪ ಓರೆ ಮಾಡಿ, ನನ್ನ ಮುಖವನ್ನೇ ನೋಡುತ್ತಾ ನಿಂತರು.

"ಕೇಳಿಸ್ತಾ?"

"ಸದ್ದು ಬರೋದು ಬೈಕಲ್ಲಿ. ನನ್ನ ಮುಖದಲ್ಲಿ ಅಲ್ಲ."

ಅವರು ನಕ್ಕರು. ನಗುವಾಗ ಅವರ ಕಿವಿ ಮೊದಲು ಕೆಂಪಾಗುತ್ತದೆ, ಮುಖ ಆಮೇಲೆ. ಇದನ್ನು ನಾನು ಎರಡನೆಯ ಸಲ ಬಂದಾಗಲೇ ಗಮನಿಸಿದ್ದೆ.

ಸದ್ದೇನೋ ಇತ್ತು. ಟಕಟಕ, ಟಕಟಕ. ಚೈನ್ ಕವರಿನ ಬೋಲ್ಟು ಮತ್ತೆ ಸಡಿಲ. ಅಪ್ಪ ಮಾತ್ರ ಮೂಲೆಯಲ್ಲಿ ಟೀ ಲೋಟ ಹಿಡಿದು ಕೂತು, ಆ ಬೈಕಿಗೆ ಏನೂ ಆಗಿಲ್ಲ ಕಣೇ ಅಂದರು. ಮೂವತ್ತು ವರ್ಷ ಸೈಲೆನ್ಸರುಗಳ ಪಕ್ಕ ಕೂತು ಅಪ್ಪನ ಕಿವಿ ಅರ್ಧ ಹೋಗಿದೆ. ಅವರ ಮಾತನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ.

ನನ್ನ ಟೂಲ್ ಬಾಕ್ಸಿನಲ್ಲಿ ಒಂದು ಕೆಂಪು ನೇಲ್ ಪಾಲಿಶ್ ಇದೆ. ಉಗುರಿಗೆ ಹಚ್ಚಿಕೊಂಡು ಯಾವ ಕಾಲವಾಯಿತೋ. ಬೋಲ್ಟು ಬಿಗಿ ಮಾಡಿ, ಅದರ ತಲೆಯಿಂದ ಕವರಿನವರೆಗೆ ಒಂದು ಗೆರೆ ಎಳೆದುಬಿಟ್ಟರೆ ಸಾಕು, ಬೋಲ್ಟು ಚೂರು ತಿರುಗಿದರೂ ಗೆರೆ ಎರಡಾಗಿ ಗೊತ್ತಾಗುತ್ತದೆ. ಇದು ಯಾಕೆ ಎಂದು ಅವರು ಕೇಳಿದರು. ನೀವು ಪದೇ ಪದೇ ಬರೋದು ತಪ್ಪಲಿ ಅಂತ, ಅಂದೆ. ಅವರ ಮುಖ ಇಷ್ಟಗಲ ಇದ್ದದ್ದು ಇಷ್ಟೇ ಆಯಿತು.

ಸುಮ್ಮನೆ ಜಂಬಕ್ಕೆ ಅಂದದ್ದು. ನಿಜ ಹೇಳಬೇಕೆಂದರೆ, ಶನಿವಾರ ನಾಲ್ಕು ಗಂಟೆಗೆ ಅವರು ಬರುತ್ತಾರೆಂದು ನಾನು ಮೂರೂವರೆಗೇ ಕೈಯ ಗ್ರೀಸು ತೊಳೆಯುತ್ತಿದ್ದೆ. ತೊಳೆದ ಕೈಯಲ್ಲಿ ಮತ್ತೆ ಗ್ರೀಸು ಮುಟ್ಟಬೇಕು ಎಂಬ ಬುದ್ಧಿಯೂ ಇಲ್ಲದೆ. ಅವರೆಂದರೆ ನನಗೆ ಇಷ್ಟ. ಅದರಲ್ಲಿ ಮುಚ್ಚಿಡುವುದೇನು?

ಮುಂದಿನ ಶನಿವಾರ ಬೈಕಿನಲ್ಲಿ ಸದ್ದಿರಲಿಲ್ಲ. ಅವರ ಕೈಯಲ್ಲಿ ಎರಡು ಬ್ರೋಷರ್ ಇದ್ದವು.

ಬರುವ ತಿಂಗಳಿಂದ ವಾರಕ್ಕೆ ಎರಡು ದಿನ ಗುಡ್ಡದಾಚೆಯ ಆಸ್ಪತ್ರೆಗೂ ಹೋಗಬೇಕಂತೆ. ತಿರುವು, ಇಳಿಜಾರು, ಸದಾ ಒದ್ದೆಯಾದ ರಸ್ತೆ. ಸೋದರಮಾವನಿಂದ ಬಂದ ಹಳೇ ಬೈಕು ಅಷ್ಟು ದೂರ ತಾಳುವುದಿಲ್ಲ. ಹೊಸದಕ್ಕೆ ಮನಸ್ಸು ಮಾಡಿದ್ದರು, ಮಾಡೆಲ್ಲೂ ಆರಿಸಿಯಾಗಿತ್ತು. ಆದರೆ ಅದರಲ್ಲಿ ಎರಡು ಬಗೆ. ಒಂದು ಸ್ಟ್ಯಾಂಡರ್ಡ್, ಒಂದು ಟಾಪ್ ಎಂಡ್. ಯಾವುದು ತಗೊಳ್ಳಲಿ, ನೀವು ಹೇಳಿದ್ದೇ ಕೊನೆ ಮಾತು, ಅಂದರು.

ಎರಡನ್ನೂ ಬೆಂಚಿನ ಮೇಲೆ ಹರಡಿಕೊಂಡು ನೋಡಿದೆ. ಯೋಚಿಸುವಂಥದ್ದೇನೂ ಇರಲಿಲ್ಲ. ಟಾಪ್ ಎಂಡ್‌ನಲ್ಲಿ ಎರಡೂ ಚಕ್ರಕ್ಕೆ ಎಬಿಎಸ್, ಅಂದರೆ ಒದ್ದೆ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿದರೂ ಚಕ್ರ ಜಾರುವುದಿಲ್ಲ. ಸ್ಟ್ಯಾಂಡರ್ಡ್‌ನಲ್ಲಿ ಅದು ಮುಂದಿನ ಚಕ್ರಕ್ಕೆ ಮಾತ್ರ. ಆ ಇಳಿಜಾರಿಗೆ ಯಾವುದು ಬೇಕು ಎಂದು ಬೈಕು ಓಡಿಸದವರೂ ಹೇಳಬಲ್ಲರು.

ಆದರೆ ಟಾಪ್ ಎಂಡ್‌ನ ಹೊಟ್ಟೆಯಲ್ಲಿ ಕಂಪ್ಯೂಟರ್ ಇದೆ. ಕಂಪನಿಯವರ ಲ್ಯಾಪ್‌ಟಾಪ್ ಸಿಕ್ಕಿಸಿದರೆ ಮಾತ್ರ ಅದು ಬಾಯಿ ಬಿಡುತ್ತದೆ, ನಮ್ಮಂಥ ಗ್ಯಾರೇಜಿನ ಕಡೆ ಅದು ತಲೆ ಹಾಕುವುದಿಲ್ಲ. ಸ್ಟ್ಯಾಂಡರ್ಡ್ ಆದರೆ ಎರಡು ಫ್ರೀ ಸರ್ವಿಸ್ ಮುಗಿದ ಮೇಲೆ ನಮ್ಮಲ್ಲಿಗೇ ಬರುತ್ತದೆ. ಶನಿವಾರ, ನಾಲ್ಕು ಗಂಟೆಗೆ.

"ಸ್ಟ್ಯಾಂಡರ್ಡ್ ಸಾಕು," ಅಂದೆ.

ಅವರ ಕಿವಿ ಕೆಂಪಾಯಿತು. ತಾವೂ ಅದನ್ನೇ ಅಂದುಕೊಂಡಿದ್ದಾಗಿ ಹೇಳಿ, ಬರೋ ಶನಿವಾರವೇ ಬುಕ್ ಮಾಡುತ್ತೇನೆ ಎಂದು ಸಿಳ್ಳೆ ಹಾಕುತ್ತಾ ಹೋದರು. ಬೈಕಿನ ಬಗ್ಗೆ ನಾನು ಯಾರಿಗಾದರೂ ಸುಳ್ಳು ಹೇಳಿದ್ದು ಅದೇ ಮೊದಲು.

ಸೋಮವಾರ ಯಾರದೋ ಬೈಕಿಗೆ ಹೊಸ ಬ್ರೇಕ್ ಶೂ ಕೂರಿಸುತ್ತಾ, ಬ್ರೇಕಿನ ವಿಷಯದಲ್ಲಿ ಉದಾಸೀನ ಮಾಡಬೇಡಿ ಎಂದು ಅವರಿಗೆ ಉಪದೇಶ ಮಾಡುತ್ತಿದ್ದೆ. ಮಾತು ಅರ್ಧಕ್ಕೇ ನಿಂತಿತು. ಮಂಗಳವಾರ ಬಂದ ಬೈಕುಗಳ ಬ್ರೇಕನ್ನೆಲ್ಲ ಎರಡೆರಡು ಸಲ ನೋಡಿದೆ. ಬುಧವಾರ ಒಂದು ತೀರ್ಮಾನಕ್ಕೆ ಬಂದೆ. ಅವರು ಬರದಿದ್ದರೆ ಬೇಡ, ಕೈಕಾಲು ನೆಟ್ಟಗೆ ಇಟ್ಟುಕೊಂಡು ಎಲ್ಲಾದರೂ ಇರಲಿ.

ಆಸ್ಪತ್ರೆಗೇ ಹೋಗಿ ನಿಜ ಹೇಳಿಬಿಡುವುದಕ್ಕೆ ನೆಪವೂ ಇತ್ತು. ಅಪ್ಪನ ಕಿವಿ ಒಮ್ಮೆ ತೋರಿಸಿ ಎಂದು ಅವರು ಬಂದಾಗಲೆಲ್ಲ ಹೇಳುತ್ತಿದ್ದರು. ಅಪ್ಪ ಒಪ್ಪಿದರು, ಒಂದು ಷರತ್ತಿನ ಮೇಲೆ. ಮೊದಲು ನಾನು ಪರೀಕ್ಷೆ ಮಾಡಿಸಿಕೊಳ್ಳಬೇಕು, ನೋವಾಗುವುದಿಲ್ಲ ಎಂದು ಗೊತ್ತಾದ ಮೇಲೆ ಅವರು.

ಗುರುವಾರ ಬೆಳಿಗ್ಗೆ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಆ ಹಳೇ ಬೈಕು ನಿಂತಿತ್ತು. ಅಭ್ಯಾಸಬಲ, ಬಗ್ಗಿ ಚೈನ್ ಕವರ್ ನೋಡಿದೆ. ನನ್ನ ಕೆಂಪು ಗೆರೆ ಎರಡಾಗಿತ್ತು. ಬೋಲ್ಟು ಅಲುಗಾಡುತ್ತಿತ್ತು. ಅಷ್ಟೇ ಆಗಿದ್ದರೆ ನನ್ನ ಕೈಯನ್ನೇ ಬೈದುಕೊಳ್ಳುತ್ತಿದ್ದೆ. ಆದರೆ ಈ ಸಲ ನಾನು ಎರಡರಷ್ಟು ಬಿಗಿದಿದ್ದಕ್ಕೋ ಏನೋ, ಬೋಲ್ಟಿನ ಮೂಲೆಗಳೆಲ್ಲ ಸವೆದು, ಸುತ್ತ ಹಲ್ಲಿನ ಗುರುತು ಬಿದ್ದಿತ್ತು. ಅದು ಇಕ್ಕಳದ ಹಲ್ಲು. ಯಾರೋ ಕೂತು, ಕಷ್ಟಪಟ್ಟು, ಅದನ್ನು ತಿರುಗಿಸಿ ಸಡಿಲ ಮಾಡಿದ್ದರು.

ನನಗೆ ಮೊದಲು ಬಂದದ್ದು ಸಿಟ್ಟು. ಬೋಲ್ಟಿಗೆ ಇಕ್ಕಳ ಹಾಕುವುದೇ? ಎರಡು ಹೆಜ್ಜೆ ಹೋದ ಮೇಲೆ ಕಾಲು ನಿಂತೇಹೋಯಿತು. ಆರು ವಾರ. ನಾಲ್ಕು ಸಲ. ಯಾರೋ ಏನು ಬಂತು, ಅವರೇ. ಅಪ್ಪ ಹಿಂದಿನಿಂದ, ಯಾಕೇ ನಗ್ತಾ ಇದೀಯಾ ಎಂದು ಕೇಳಿದರು.

ಕಿವಿ ಪರೀಕ್ಷೆಯ ಕೋಣೆ ಬೀರುವಿನಷ್ಟು ಚಿಕ್ಕದು. ಗೋಡೆಗೆಲ್ಲ ಸ್ಪಂಜು, ಒಂದು ಕಡೆ ಗಾಜಿನ ಕಿಟಕಿ. ನಾನು ಒಳಗೆ, ತಲೆಗೆ ಹೆಡ್‌ಫೋನ್, ಕೈಯಲ್ಲಿ ಒಂದು ಬಟನ್. ಗಾಜಿನ ಆಚೆ ಅವರು ಮೈಕಿನ ಮುಂದೆ, ಒಳಗಿನ ನನ್ನ ಮಾತು ಕೇಳಲು ಅವರ ಕಿವಿಗೂ ಹೆಡ್‌ಫೋನ್. ಅವರ ಪಕ್ಕದಲ್ಲೇ ಅಪ್ಪ. ಶಬ್ದ ಕೇಳಿಸಿದರೆ ನಾನು ಬಟನ್ ಒತ್ತಬೇಕು, ಆಗ ಅವರ ಮೇಜಿನ ಮೇಲೆ ಹಸಿರು ದೀಪ ಹತ್ತುತ್ತದೆ, ಬೆರಳು ತೆಗೆದರೆ ಆರುತ್ತದೆ.

ಕುಂಯ್ ಅಂತು, ಒತ್ತಿದೆ. ಇನ್ನೂ ಸಣ್ಣಗೆ ಕುಂಯ್ ಅಂತು, ಒತ್ತಿದೆ. ಮೂರನೆಯದಕ್ಕೆ ನನಗೆ ತಡೆಯಲಾಗಲಿಲ್ಲ.

"ಸ್ಟ್ಯಾಂಡರ್ಡ್ ಬೇಡ. ಟಾಪ್ ಎಂಡ್ ತಗೊಳ್ಳಿ. ಆ ಇಳಿಜಾರಿಗೆ ಅದೇ ಬೇಕು. ಅವತ್ತು ನಾನು ಸುಳ್ಳು ಹೇಳಿದೆ."

ಗಾಜಿನ ಆಚೆ ಅವರು ತಲೆ ಎತ್ತಿದರು. ದನಿ ನೇರ ನನ್ನ ಕಿವಿಯೊಳಗೇ ಬಂತು. "ಯಾಕೆ?"

"ಅದು ನಮ್ಮ ಗ್ಯಾರೇಜಿಗೆ ಬರಲ್ಲ. ಬೈಕ್ ಬರ್ಲಿಲ್ಲ ಅಂದ್ರೆ ನೀವೂ ಬರಲ್ಲ."

ಅಂದೇಬಿಟ್ಟೆ. ಹೆಡ್‌ಫೋನಿನ ಸುತ್ತ ಅವರ ಕಿವಿಯ ಅಂಚು ಕೆಂಪಾಗುತ್ತಾ ಹೋಯಿತು. ನನಗೆ ನಾಚಿಕೆಯಾಗಿ ಜಗಳಕ್ಕೇ ಇಳಿದೆ.

"ಅದಿರ್ಲಿ, ಬೋಲ್ಟಿಗೆ ಇಕ್ಕಳ ಹಾಕಿದ್ದು ಯಾರು?"

"ನಾನೇ."

"ಹತ್ತನೇ ನಂಬರ್ ಸ್ಪಾನರ್ ಅಂತ ಒಂದು ಇರತ್ತೆ."

"ಅದು ನನ್ನ ಹತ್ರ ಇದ್ದಿದ್ರೆ ನೀವು ಕಂಡುಹಿಡೀತಾನೇ ಇರ್ಲಿಲ್ಲ."

ಅದೂ ನಿಜವೇ. ಆಮೇಲೆ ಅವರು ತುಂಬಾ ಗಂಭೀರವಾಗಿ ಇನ್ನೊಂದು ವಿಷಯ ಹೇಳಿದರು. ಟಾಪ್ ಎಂಡ್‌ಗೂ ಚೈನ್ ಕವರ್ ಇದೆಯಂತೆ. ಶೋರೂಮಿನಲ್ಲಿ ಎಲ್ಲರೂ ಮೀಟರಿನ ಸ್ಕ್ರೀನು ನೋಡುತ್ತಿದ್ದಾಗ ಇವರು ನೆಲಕ್ಕೆ ಬಗ್ಗಿ ಅದನ್ನೇ ನೋಡಿಕೊಂಡು ಬಂದಿದ್ದಾರೆ. ಅದಕ್ಕೆ ಕಂಪ್ಯೂಟರ್ ಏನೂ ಬೇಡ, ಅದೇ ಬೋಲ್ಟು. ನನಗೆ ನಗು ತಡೆಯಲಾಗದೆ ಮುಖ ತಗ್ಗಿಸಿದೆ.

"ಪರೀಕ್ಷೆ ಇನ್ನೂ ಮುಗಿದಿಲ್ಲ," ಅಂದರು. "ದನಿ ಕಮ್ಮಿ ಮಾಡ್ತಾ ಹೋಗ್ತೀನಿ. ಕೇಳಿಸಿದ್ರೆ ಒತ್ತಿ."

ಅಪ್ಪನಿಂದ ಒಂದು ಮೊಳ ದೂರದಲ್ಲಿ ಕೂತು, ಮೈಕಿಗೆ ಬಾಯಿ ತಾಗಿಸಿ, ಅವರು ಮೊದಲು ಹೇಳಿದ್ದು ಶನಿವಾರ ನಾಲ್ಕು ಗಂಟೆ ಎಂದು. ಒತ್ತಿದೆ. ಸದ್ದಿಲ್ಲದ ಬೈಕು ತಂದರೂ ಪರವಾಗಿಲ್ಲವಾ ಎಂದರು. ಒತ್ತಿದೆ. ಆಮೇಲೆ ತುಟಿ ಅಲುಗಿತೋ ಇಲ್ಲವೋ, ಉಸಿರಿನಷ್ಟೇ ಸಣ್ಣ ದನಿ ಬಂತು.

"ನನ್ನ ಮದ್ವೆ ಆಗ್ತೀರಾ?"

ಒತ್ತಿದೆ.

ಅವರು ದೀಪ ನೋಡಿದರು. ನನ್ನನ್ನು ನೋಡಿದರು. ಮತ್ತೆ ದೀಪ ನೋಡಿದರು. ನಮ್ಮ ಮಾತಿನ ತಮಾಷೆ ನೋಡಿ, ಕಿವಿ ಮಾಡುವ ಕೆಲಸವೂ ಕೇಳುವುದೇ, ಬಾಯಿ ಬಿಟ್ಟು ಕೇಳುವುದೂ ಕೇಳುವುದೇ. ದಿನವಿಡೀ ಕೇಳಿಸ್ತಾ ಕೇಳಿಸ್ತಾ ಅನ್ನುವ ಮನುಷ್ಯ ಈಗ ಅದರಲ್ಲೇ ಸಿಕ್ಕಿಬಿದ್ದಿದ್ದರು.

"ಇದು ಕೇಳಿಸ್ತು ಅಂತಾನಾ," ಅವರು ದೀಪದ ಕಡೆ ಬೆರಳು ಮಾಡಿದರು, "ಇಲ್ಲಾ ಹೂಂ ಅಂತಾನಾ?"

ಬಟನ್ ಒತ್ತಿಹಿಡಿದ ಹೆಬ್ಬೆರಳನ್ನು ನಾನು ತೆಗೆಯಲೇ ಇಲ್ಲ. ಅವರ ಕಿವಿ, ಕೆನ್ನೆ, ಕತ್ತು ಎಲ್ಲವೂ ಒಟ್ಟಿಗೇ ಕೆಂಪಾದವು.

ಅವರ ಮೈಕಿನಲ್ಲಿ ಅಪ್ಪನ ದೊಡ್ಡ ಗಂಟಲು ಕೇಳಿಸಿತು. "ಏನ್ ಡಾಕ್ಟ್ರೇ, ಮಿಷನ್ ಕೆಟ್ಟೋಯ್ತಾ? ದೀಪ ಆರ್ತಾನೇ ಇಲ್ವಲ್ಲ."