ಕಯಲ್ ಬಿಟ್ಟುಕೊಡದ ಗಾಜಿನ ತೊಟ್ಟಿ

ಸತ್ತ ಮೀನುಗಳ ಬಕೆಟ್ಟನ್ನು ಕಯಲ್‌ವಿಳಿ ಗಾಜು ಕತ್ತರಿಸುವ ಮೇಜಿನ ಮೇಲೆ ದಡಕ್ಕನೆ ಇಟ್ಟಳು.

"ನೋಡಿ. ಕಣ್ತುಂಬ ನೋಡಿ. ಇದೆಲ್ಲ ನಿಮ್ಮ ಕೈಕೆಲಸ."

ಅಳತೆಪಟ್ಟಿ ಹಿಡಿದು ಬಗ್ಗಿದ್ದ ಸೆಲ್ವಿನ್ ತಲೆ ಎತ್ತಿದ. ಈ ಹುಡುಗಿಯನ್ನು ಅವನು ಹಿಂದೆ ನೋಡಿರಲಿಲ್ಲ. ಬಿಚ್ಚಿಹೋದ ಜಡೆ, ಮೊಣಕಾಲವರೆಗೆ ನೆನೆದ ಚೂಡಿದಾರ, ಅತ್ತು ಅತ್ತು ಕೆಂಪಾಗಿ ಈಗ ಉರಿಯುತ್ತಿರುವ ಕಣ್ಣು...

ಬಕೆಟ್ಟಿನಲ್ಲಿದ್ದವು ಏಂಜೆಲ್ ಮೀನುಗಳು. ಬೆಳ್ಳಿ ಮೈ, ಕಪ್ಪು ಪಟ್ಟೆ. ಒಂದಕ್ಕೂ ಗಾಯವಿಲ್ಲ, ಒಂದಕ್ಕೂ ಜೀವವಿಲ್ಲ.

"ನೀವು ಯಾರು ಅಂತ..."

"ಮಣಿವಣ್ಣನ್ ತಂಗಿ. ನಾನು ಊರಲ್ಲಿಲ್ಲದಾಗ ನಮ್ಮನೆ ಮಹಡಿಗೆ ಬಂದು ಸೋರೋ ಟ್ಯಾಂಕಿಗೆ ಸಿಲಿಕಾನ್ ಅಂಟು ಹಾಕಿದ್ರಲ್ಲ, ಆ ಮನೆ. ಕಿಟಕಿಗೆ ಗಾಜು ಕೂರಿಸೋರು ಕಿಟಕಿ ಕೂರಿಸ್ಕೊಂಡು ಇರಬೇಕಿತ್ತು."

ಎದುರಿನ ಟೀ ಅಂಗಡಿಯಲ್ಲಿ ಲೋಟಗಳು ತುಟಿಯ ಹತ್ತಿರವೇ ನಿಂತವು. ಚೆನ್ನೈನ ಕೊಳತ್ತೂರಿನಲ್ಲಿ ಬೀದಿಗೆ ಬೀದಿಯೇ ಬಣ್ಣದ ಮೀನು ಸಾಕಿ ಬದುಕುತ್ತದೆ. ಅಲ್ಲಿ ಇದಕ್ಕಿಂತ ದೊಡ್ಡ ಆರೋಪ ಇನ್ನೊಂದಿಲ್ಲ.

ಸೆಲ್ವಿನ್ ಒಂದು ಮೀನನ್ನು ಅಂಗೈಗೆ ತೆಗೆದುಕೊಂಡು ನೋಡಿದ. ಮೆಲ್ಲಗೆ ಮತ್ತೆ ನೀರಿಗೆ ಬಿಟ್ಟ.

"ನಾನು ಹಾಕಿದ್ದು ಮೀನಿಗೆ ಒಗ್ಗೋ ಸಿಲಿಕಾನೇ. ಒಮ್ಮೆ ಟ್ಯಾಂಕ್ ತೋರಿಸ್ತೀರಾ?"

"ನಿಮ್ಮನ್ನ ನಮ್ಮ ಮೆಟ್ಟಿಲು ಹತ್ತಿಸಿದ್ದೇ ತಪ್ಪಾಯ್ತು."

ಬಕೆಟ್ ಎತ್ತಿಕೊಂಡು ಅವಳು ಹೊರಟೇಹೋದಳು. ಅಷ್ಟರಲ್ಲಿ ಬೀದಿ ತನ್ನ ತೀರ್ಪು ಕೊಟ್ಟಾಗಿತ್ತು. ಮರುದಿನದಿಂದ ಮೀನಿನವರು ಯಾರೂ ಸೆಲ್ವಿನ್‌ನ ಅಂಗಡಿ ಮೆಟ್ಟಲಿಲ್ಲ.

* * *

ಆ ತೊಟ್ಟಿ ಅವಳ ಅಪ್ಪನದು. ಅವಳು ಉದ್ದಕ್ಕೆ ಮಲಗಿದರೂ ಇನ್ನೂ ಜಾಗ ಉಳಿಯುವಷ್ಟು ಉದ್ದ. ಅಪ್ಪ ಹೋದ ಮೇಲೆ ಮಹಡಿಯ ಶೆಡ್ಡನ್ನು ನಡೆಸುತ್ತಿದ್ದವಳು ಕಯಲ್. ಅದರಲ್ಲೇ ಸಾಕಿದ ಮೀನುಗಳ ಮರಿ ಕೊಳ್ಳಲು ದೂರದ ಮಧುರೈನಿಂದಲೂ ಜನ ಬರುತ್ತಿದ್ದರು.

ಈಗ ತೊಟ್ಟಿ ಖಾಲಿ. ಪಕ್ಕದ ಪ್ಲಾಸ್ಟಿಕ್ ಟಬ್ಬಿನಲ್ಲಿದ್ದ ಒಂದಿಷ್ಟು ಮರಿಗಳು ಮಾತ್ರ ಉಳಿದಿದ್ದವು.

"ಇನ್ನು ಸಾಕು ಕಯಲ್," ಅಂದ ಅಣ್ಣ ಮಣಿವಣ್ಣನ್, ಊಟದ ತಟ್ಟೆಯಿಂದ ತಲೆ ಎತ್ತದೆ. "ಅದನ್ನ ಒಡೆಸಿ ಹಾಕ್ತೀನಿ. ಮೇಲೆ ಎರಡು ರೂಮು ಎಬ್ಬಿಸೋಣ. ಆವಡಿ ಊರಿನವರು ಹುಡುಗಿ ನೋಡೋಕೆ ಬರ್ತಾರಂತೆ. ಹುಡುಗಿ ಕೈ ಯಾವಾಗಲೂ ಪಾಚಿ ನಾರುತ್ತೆ ಅಂತ ಅವರ ಕೈಲಿ ಅನ್ನಿಸ್ಕೋಬೇಕಾ?"

"ನಾರಲಿ. ಮೂಗು ಮುಚ್ಚಿಕೊಂಡು ಬರೋಕೆ ಹೇಳು."

ಮೆಟ್ಟಿಲು ಹತ್ತಿ ಬಂದವಳು ತೊಟ್ಟಿಯ ಎದುರು ಕುಕ್ಕರುಗಾಲಲ್ಲಿ ಕುಳಿತಳು. ಮಧ್ಯಾಹ್ನದ ಬಿಸಿಲು ಗಾಜಿನೊಳಗೆ ನೇರ ಬಿದ್ದಿತ್ತು. ಆಗ ಕಂಡಿತು... ಅಂಚಿನುದ್ದಕ್ಕೂ ಸಿಲಿಕಾನ್ ನೀರಿನಂತೆ ಪಾರದರ್ಶಕ. ಒಂದು ಮೂಲೆಯಲ್ಲಿ ಮಾತ್ರ ಹಾಲಿನ ಹಾಗೆ ಬಿಳಿ.

ಅವಳು ಬೆರಳಿಟ್ಟು ಆ ಬಿಳಿಯನ್ನು ಮುಟ್ಟಿದಳು.

"ಅದು... ನಾನೇ ಕಯಲ್."

ತಿರುಗಿ ನೋಡಿದರೆ ಅತ್ತಿಗೆ ತೇನ್‌ಮೊಳಿ. ಒಣಗಿದ ಬಟ್ಟೆಗಳನ್ನು ಎದೆಗವಚಿಕೊಂಡು ನಿಂತಿದ್ದಳು.

"ಆ ಗಾಜಿನವರು ಹೋದ ಮೇಲೂ ಒಂದೊಂದೇ ಹನಿ ಸೋರ್ತಿತ್ತು. ನೀನು ಬರೋಷ್ಟರಲ್ಲಿ ನೀರೆಲ್ಲ ಹೋದ್ರೆ ಅಂತ ಹೆದರಿ, ನೀರು ಅರ್ಧಕ್ಕೆ ಇಳಿಸಿ ಮೂಲೆಗೆ ಸವರಿದೆ. ಬಚ್ಚಲ ಟೈಲ್ಸಿಗೆ ಹಾಕಿ ಮಿಕ್ಕಿದ್ದು ಇತ್ತಲ್ಲ, ಅದನ್ನ. ಒಳ್ಳೇದೇ ಮಾಡಿದೆ ಅಂದ್ಕೊಂಡಿದ್ದೆ ಕಣೇ..."

ಬಚ್ಚಲಿನದು. ಬೂಷ್ಟು ಹಿಡಿಯದಂತೆ ಔಷಧಿ ಬೆರೆಸಿದ್ದು. ಆ ಔಷಧಿ ನೀರಿಗಿಳಿದರೆ ಮೀನಿಗೆ ವಿಷ.

"ಯಾಕೆ ಹೇಳಲಿಲ್ಲ ಅಣ್ಣಿ?"

"ನಿಮ್ಮಣ್ಣನಿಗೆ ಹೇಳಿದೆ. ಸುಮ್ಮನಿರು, ಹೇಗೂ ಇದೆಲ್ಲ ಮುಗಿದ್ರೆ ಒಳ್ಳೇದು ಅಂದ್ರು."

ಕಯಲ್‌ಗೆ ಅತ್ತಿಗೆಯ ಮೇಲೆ ಸಿಟ್ಟೇ ಬರಲಿಲ್ಲ. ಅವಳ ಕೈಯಿಂದ ಬಟ್ಟೆ ಇಸಿದುಕೊಂಡಳು. ಸಿಟ್ಟು ಬಂದದ್ದು ಅಣ್ಣನ ಮೇಲೆ. ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೆ.

'ಟ್ಯಾಂಕ್ ತೋರಿಸ್ತೀರಾ ಅಂತ ಕೇಳಿದ್ದನಲ್ಲ. ಅಷ್ಟನ್ನಾದರೂ ಮಾಡಿದ್ದರೆ...'

* * *

ಸೆಲ್ವಿನ್ ಅಂಗಡಿ ಬಾಗಿಲಲ್ಲಿ ಕೆಲಸವಿಲ್ಲದೆ ಕುಳಿತಿದ್ದ. ಕಯಲ್ ಟೀ ಅಂಗಡಿಯ ಮುಂದೆಯೇ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಮೀನು ಸತ್ತಿದ್ದು ಇವರಿಂದಲ್ಲ. ನಮ್ಮನೇಲೇ ಬಚ್ಚಲಿನ ಸಿಲಿಕಾನ್ ಸವರಿದ್ವಿ. ನೋಡದೆ ಬೈದಿದ್ದು ನನ್ನ ತಪ್ಪು."

ಅವನು ಎದ್ದು ಬಂದ. "ಇಷ್ಟು ಜೋರಾಗಿ ಹೇಳ್ಬೇಕಿತ್ತಾ?"

"ಅವತ್ತು ಎಷ್ಟು ಜೋರಿತ್ತೋ ಅಷ್ಟೇ. ಒಂದು ಚೂರೂ ಹೆಚ್ಚಿಲ್ಲ."

ಅವನ ಮುಖದಲ್ಲಿ ನಗು ಬರಲು ನೋಡಿತು, ಬರಲಿಲ್ಲ. ನೋವು ಇನ್ನೂ ಅಲ್ಲೇ ಇತ್ತು.

"ಟ್ಯಾಂಕನ್ನ ಮತ್ತೆ ಸರಿಮಾಡಬೇಕು. ಬರ್ತೀರಾ?"

"ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

"ಸರಿ. ನಾನೇ ಮಾಡ್ಕೋತೀನಿ."

ಬ್ಲೇಡು ಕೊಂಡು ಮನೆಗೆ ಬಂದವಳು ಬಿಳಿ ಮೂಲೆಯನ್ನು ಹೆರೆಯತೊಡಗಿದಳು. ಬೆರಳು ಕುಯ್ದುಕೊಂಡಳು. ಬಟ್ಟೆ ಸುತ್ತಿ ಮತ್ತೆ ಹೆರೆದಳು. ಇಳಿಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ.

"ಬ್ಲೇಡನ್ನ ಹಾಗೆ ನೆಟ್ಟಗೆ ಹಿಡಿದ್ರೆ ಗಾಜು ಗೀಚುತ್ತೆ," ಅಂದ ಸೆಲ್ವಿನ್. "ಮಲಗಿಸಿ ಹಿಡೀರಿ."

"ಬರಲ್ಲ ಅಂದ್ರಿ?"

"ಅಂದೆ. ಆಮೇಲೆ ಕೂತ್ಕೊಂಡು ಯೋಚಿಸಿದೆ." ಅವನು ಅವಳ ಕಡೆ ನೋಡದೆ ತೊಟ್ಟಿಯ ಪಕ್ಕ ಕುಳಿತ. "ಹಳೇ ಸಿಲಿಕಾನ್ ಮೇಲೆ ಹೊಸದು ಕಚ್ಚಿಕೊಳ್ಳಲ್ಲ. ನನಗೆ ಅದು ಗೊತ್ತಿತ್ತು. ನಿಮ್ಮಣ್ಣ ಸುಮ್ಮನೆ ಮೇಲೆ ಸವರಿ ಸಾಕು ಅಂದ್ರು, ಸವರಿಬಿಟ್ಟೆ. ಅದು ಸೋರದಿದ್ರೆ ನಿಮ್ಮನೇಲಿ ಯಾರೂ ಕೈ ಹಾಕ್ತಾನೇ ಇರಲಿಲ್ಲ."

ಅವಳು ಇನ್ನೊಂದು ಬ್ಲೇಡನ್ನು ಅವನ ಕಡೆ ಸರಿಸಿದಳು.

ಗಾಜಿಗೂ ಗಾಜಿಗೂ ನಡುವಿನ ಬೆಸುಗೆ ಗಟ್ಟಿಯಾಗಿತ್ತು. ಅದನ್ನು ಮುಟ್ಟದೆ, ಒಳಗಿನ ಅಂಚಿನದ್ದನ್ನೆಲ್ಲ ಕೂದಲೆಳೆಯಷ್ಟೂ ಬಿಡದೆ ತೆಗೆದರು. ಸ್ಪಿರಿಟ್ಟಿನಲ್ಲಿ ಒರೆಸಿದರು. ಮರುದಿನ ಅಂಚಿನ ಎರಡೂ ಬದಿಗೆ ಟೇಪು ಅಂಟಿಸಿ, ಔಷಧಿ ಬೆರೆಸದ ಸಿಲಿಕಾನನ್ನು ಅವನು ನಿಲ್ಲಿಸದೆ ಎಳೆಯುತ್ತ ಹೋದ. ಹಿಂದೆಯೇ ಅವಳ ಬೆರಳು ಅದನ್ನು ನುಣ್ಣಗೆ ಒತ್ತುತ್ತ ಬಂತು. ಮೂಲೆಯಲ್ಲಿ ಇಬ್ಬರ ಕೈಗಳೂ ತಾಗಿದವು. ಇಬ್ಬರೂ ಕೈ ಹಿಂದಕ್ಕೆಳೆಯಲಿಲ್ಲ... ಕೆಲಸ ಕೆಡುತ್ತದೆ ಎಂಬುದು ಇಬ್ಬರಿಗೂ ಒಳ್ಳೆಯ ನೆಪವಾಗಿತ್ತು.

"ನಾಡಿದ್ದು ನೀರು ತುಂಬಿಸಬಹುದು," ಅಂದ ಅವನು.

"ಕಿಟಕಿಗಾದ್ರೆ ನಾಡಿದ್ದು. ಮೀನಿಗಲ್ಲ. ಸಿಲಿಕಾನಿನ ಈ ಹುಳಿ ವಾಸನೆ ಪೂರ್ತಿ ಹೋಗೋ ತನಕ ನಾನು ಒಂದು ಲೋಟ ನೀರೂ ಹಾಕಲ್ಲ."

"ಹೋಗಿದೆ ಅಂತ ಹೇಗೆ ಗೊತ್ತಾಗುತ್ತೆ?"

"ದಿನಾ ಮೂಗಿಟ್ಟು ನೋಡ್ಬೇಕು. ನೀವೂ ಬಂದು ನೋಡಿ. ಒಬ್ಬರ ಮೂಗು ನಂಬೋಕಾಗಲ್ಲ."

ಹಾಗಾಗಿ ಅವನು ದಿನಾ ಬಂದ. ಬರುವಾಗ ಬಜ್ಜಿ ತಂದ. ಆಗಾಗ ವಾಸನೆ ನೋಡುವುದೇ ಇಬ್ಬರಿಗೂ ಮರೆತುಹೋಗುತ್ತಿತ್ತು.

* * *

ಮಣಿವಣ್ಣನ್‌ಗೆ ಇದು ತಿಳಿಯದೆ ಇರುತ್ತದೆಯೇ? ನೀರು ತುಂಬಿಸುವ ದಿನ ಅವನು ಮಹಡಿಗೆ ಬಂದ.

"ಚರ್ಚಿಗೆ ಹೋಗೋನ ಜೊತೆ ದಿನಾ ಇಲ್ಲೇನು ನಿನಗೆ? ಬೀದೀಲಿ ಏನಂತಿದ್ದಾರೆ ಗೊತ್ತಾ?"

ಸೆಲ್ವಿನ್ ಎದ್ದು ನಿಂತ. "ನಾನು ಹೋಗ್ತೀನಿ ಅಣ್ಣ..."

"ಕೂತ್ಕೊಳ್ಳಿ," ಅಂದಳು ಕಯಲ್. "ಅಣ್ಣ, ಮೀನು ಯಾಕೆ ಸತ್ವು ಅಂತ ನಿನಗೆ ಗೊತ್ತಿತ್ತು. ನಾನು ಇವರ ಮರ್ಯಾದೆ ತೆಗೆಯೋವಾಗ ನೀನು ಸುಮ್ಮನಿದ್ದೆ. ಈಗ ಬೀದಿ ಮಾತು ಹೇಳೋಕೆ ಬಂದ್ಯಾ?"

ಮಣಿವಣ್ಣನ್‌ನ ಕಣ್ಣು ಮೆಟ್ಟಿಲ ಬಳಿ ನಿಂತಿದ್ದ ಹೆಂಡತಿಯ ಕಡೆ ಹೊರಳಿತು. ತೇನ್‌ಮೊಳಿ ತಲೆ ತಗ್ಗಿಸಲಿಲ್ಲ.

"ಒಂದು ಹನಿ ಸೋರಲಿ, ಇವತ್ತೇ ಒಡೀತೀನಿ," ಅಂದ ಅವನು.

"ಸೋರಿದ್ರೆ ಮತ್ತೆ ಹೆರೀತೀನಿ, ಮತ್ತೆ ಹಾಕ್ತೀನಿ. ಟ್ಯಾಂಕೂ ಇಲ್ಲೇ ಇರುತ್ತೆ, ನಾನೂ ಇಲ್ಲೇ ಇರ್ತೀನಿ. ಆವಡಿಯವರಿಗೆ ಬರಬೇಡಿ ಅಂತ ನೀನು ಹೇಳ್ತೀಯೋ, ನಾನೇ ಹೇಳ್ಲೋ?"

"ಸೋರಿದ್ರೆ ನಾನು ಒರೆಸ್ತೀನಿ," ಅಂದಳು ತೇನ್‌ಮೊಳಿ. ಗಂಡನ ಮುಂದೆ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ತೊಟ್ಟಿಯ ಸುತ್ತ ಹಳೆಯ ಪೇಪರು ಹಾಸಿದರು. ಅರ್ಧ ತುಂಬಿಸಿ ಕಾದರು. ಪೂರ್ತಿ ತುಂಬಿಸಿ ಮತ್ತೆ ಕಾದರು. ಸಂಜೆಗೆ ಮಣಿವಣ್ಣನ್ ತಾನೇ ಬಗ್ಗಿ ಪೇಪರನ್ನು ಸವರಿ ನೋಡಿದ. ಒಣಗಿ ಗರಿಗರಿಯಾಗಿತ್ತು. ಎದ್ದು ಕೆಳಗಿಳಿದುಹೋದ. ಆಮೇಲೆ ಕೆಳಗಿನಿಂದ ಫೋನಿನಲ್ಲಿ ಅವನ ದನಿ ಕೇಳಿಸಿತು: "ಇಲ್ಲ ಸಾರ್... ಸದ್ಯಕ್ಕೆ ಬೇಡ... ಅವಳು ಒಪ್ತಿಲ್ಲ."

ಸೋರಿಕೆ ನೋಡಲು ತುಂಬಿದ್ದ ಆ ನೀರನ್ನೆಲ್ಲ ಚೆಲ್ಲಿ ಕಯಲ್ ಹೊಸ ನೀರು ತುಂಬಿದಳು. ಅದು ಹದಕ್ಕೆ ಬರುವವರೆಗೆ ಕಾದು, ಪ್ಲಾಸ್ಟಿಕ್ ಟಬ್ಬಿನಲ್ಲಿ ಉಳಿದಿದ್ದ ಮರಿಗಳಲ್ಲಿ ಒಂದೆರಡನ್ನು ಮಾತ್ರ ಬಿಟ್ಟಳು. ಮರುದಿನ ಬೆಳಿಗ್ಗೆ ಸೆಲ್ವಿನ್ ಬಂದಾಗ ಅವು ಮೇಲಕ್ಕೆ ಬಂದು ಮೇವು ಕಚ್ಚುತ್ತಿದ್ದವು. ಅವಳು ಉಳಿದವನ್ನೂ ಒಂದೊಂದಾಗಿ ಬಿಡತೊಡಗಿದಳು.

"ಕೆಲಸ ಮುಗೀತು," ಅಂದ ಅವನು. ದನಿ ಕುಗ್ಗಿತ್ತು. "ಇನ್ನು ನಾಳೆಯಿಂದ ಬರೋಕೆ ಕಾರಣ ಇಲ್ಲ."

"ಕಾರಣ ಬೇಕಾ? ನಾನು ನಿನ್ನನ್ನ ಮದುವೆ ಆಗ್ಬೇಕು ಅಂತಿದ್ದೀನಿ ಸೆಲ್ವಿನ್. ಇದು ಸಾಕಾ?"

ಅವನು ಮೆಟ್ಟಿಲ ಕಡೆ ನೋಡಿದ. "ನಿಮ್ಮಣ್ಣ..."

"ಅವನನ್ನ ಕೇಳ್ತಿಲ್ಲ. ನಿನ್ನ ಕೇಳ್ತಿದ್ದೀನಿ."

"ನಮ್ಮಮ್ಮ ನಾಗರಕೋಯಿಲಿಂದ ಬಸ್ ಹತ್ತಿ ಬಂದು ಜಗಳ ಆಡ್ತಾಳೆ. ಮೀನು ಸಾಕೋ ಹುಡುಗಿ ನನ್ನ ಮೀನುಸಾರು ತಿಂತಾಳಾ ಅಂತ ಮೊದಲು ಅದನ್ನೇ ಕೇಳ್ತಾಳೆ."

"ಎರಡು ಸಲ ಹಾಕಿಸ್ಕೊಂಡು ತಿಂತೀನಿ. ಬಡಿಸೋಕೆ ಅವರಿಗೇ ಸುಸ್ತಾಗ್ಬೇಕು. ಜಗಳಾನೂ ಆಡ್ತೀನಿ, ಅದಕ್ಕೂ ತಯಾರಿದ್ದೀನಿ. ನೀನು ಹೂಂ ಅಂತೀಯೋ ಇಲ್ಲವೋ?"

ಸೆಲ್ವಿನ್ ಹೂಂ ಅನ್ನಲಿಲ್ಲ. ತೊಟ್ಟಿಯಿಂದ ಆಗಷ್ಟೇ ಮೇಲೆತ್ತಿದ ಅವಳ ಕೈಗಾಗಿ ತನ್ನ ಕೈ ಚಾಚಿದ.

"ಒದ್ದೆ ಇದೆ," ಅಂದಳು ಕಯಲ್. ಇಷ್ಟು ಹೊತ್ತೂ ಸೆಟೆದು ನಿಂತಿದ್ದ ಅವಳ ದನಿ ಈಗ ಸಣ್ಣಗೆ ನಡುಗಿತು. "ಪಾಚಿ ವಾಸನೆ ಬೇರೆ..."

"ಇರಲಿ," ಅಂದ ಅವನು. "ಕೊಡು."