ಸರ್ವೆ ತೋಪಿನಲ್ಲಿ ಒಂದೇ ಕೂಗು

“ವೆಂಕಟಲಕ್ಷ್ಮೀ...”

ಬಾವಿಯ ಹಗ್ಗಕ್ಕೆ ಚಾಚಿದ್ದ ಅವಳ ಕೈ ಹಾಗೇ ನಿಂತಿತು.

ಗಂಡಸಿನ ದನಿ. ಮೆಲ್ಲಗೆ, ಕರೆಯಲೋ ಬೇಡವೋ ಎಂಬಂತೆ, ಸರ್ವೆ ತೋಪಿನ ಒಳಗಿನಿಂದ ಬಂದಿತ್ತು. ತೋಪಿನೊಳಗೆ ಆಗಲೇ ಕತ್ತಲು ತುಂಬಿತ್ತು. ಮರಗಳ ಆಚೆ ಕಡಲು ಮಾತ್ರ ಬೂದಿ ಬಣ್ಣಕ್ಕೆ ಕಾಣುತ್ತಿತ್ತು.

ಯಾರು? ಇಲ್ಲಿ ನನ್ನ ಹೆಸರು ಹಿಡಿದು ಕರೆಯುವವರು ಯಾರಿದ್ದಾರೆ?

ಸೋದರತ್ತೆ ತುಳಸಮ್ಮ ದೂರದಲ್ಲಿ ವ್ಯಾನಿನೊಳಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದಳು. ಜೊತೆಗೆ ಬಂದಿದ್ದ ರಾಮಚಂದ್ರಪ್ಪ ಅವಳನ್ನು ಕರೆಯುವುದು ‘ಟೀಚರ್’ ಎಂದೇ. ಅಪ್ಪಿತಪ್ಪಿಯೂ ಹೆಸರು ಹೇಳಿದವನಲ್ಲ.

ವೆಂಕಟಲಕ್ಷ್ಮಿಗೆ ಅಜ್ಜಿಯ ಮಾತು ನೆನಪಾಯಿತು. ‘ಮುಸ್ಸಂಜೇಲಿ ಯಾರಾದ್ರೂ ಒಂದು ಸಲ ಹೆಸರು ಹಿಡಿದು ಕೂಗಿದ್ರೆ ಓಗೊಡಬ್ಯಾಡ ಕಣೇ. ಮನುಷ್ಯರಾದ್ರೆ ಮತ್ತೆ ಕೂಗ್ತಾರೆ. ಅದು ಮಾತ್ರ ಒಂದೇ ಸಲ ಕೂಗೋದು. ಮೂರನೇ ಸಲಕ್ಕೇ ಓ ಅನ್ನಬೇಕು.’

ಅವಳು ಉಸಿರು ಬಿಗಿಹಿಡಿದು ಕಾದಳು.

ಎರಡನೇ ಕೂಗು ಬರಲೇ ಇಲ್ಲ!

ಸರ್ವೆ ಮರಗಳು ಹುಯ್ ಎಂದು ಗಾಳಿ ಎಳೆದುಕೊಂಡವು. ಅವಳು ತಿರುಗಿಯೂ ನೋಡದೆ ವ್ಯಾನಿನ ಕಡೆ ಓಡಿದಳು.

ಎಂಬತ್ತೆರಡನೇ ಇಸವಿಯ ಮಾತು ಇದು. ತಮಿಳು ಸೀಮೆಗೆ ಸೇರಿದ ಹೊಸೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ವೆಂಕಟಲಕ್ಷ್ಮಿ ಟೀಚರು. ಗೈಡ್ಸ್ ಹುಡುಗಿಯರ ಹೊಣೆಯೂ ಅವಳದೇ. ಆ ಮಕ್ಕಳಲ್ಲಿ ಒಬ್ಬಳೂ ಕಡಲನ್ನು ಕಂಡವಳಲ್ಲ. ಈ ಸಲ ಕ್ಯಾಂಪು ಕಡಲ ದಡದಲ್ಲೇ ಆಗಲಿ ಎಂದು ಹೆಡ್‌ಮಿಸ್ ಶಾಂತಾಬಾಯಿ ಮನಸ್ಸು ಮಾಡಿದ್ದರು. ಮತ್ತಿಗಿರಿಯ ಕಾರ್ಖಾನೆ ಕಾಲೊನಿಯ ಸ್ಕೌಟ್ ಹುಡುಗರೂ ಜೊತೆಗೆ ಬರುವವರಿದ್ದರು. ಅವರ ಮಾಸ್ತರೇ ರಾಮಚಂದ್ರಪ್ಪ. ಕೋಲಾರದ ಕಡೆಯಿಂದ ಬಂದು ಕಾರ್ಖಾನೆಯ ಆಫೀಸಿನಲ್ಲಿ ಸೇರಿಕೊಂಡವನು. ಜಾಗ ನೋಡಿ ಬರಲು ಕಾರ್ಖಾನೆಯವರು ವ್ಯಾನು ಕೊಟ್ಟರು. ಮದುವೆಯಾಗದ ಹುಡುಗಿಯ ಕಾವಲಿಗೆ ತುಳಸಮ್ಮ ಹೊರಟಳು.

ಬರುವಾಗ ರಾಯಕೋಟೆಯಲ್ಲಿ ಟೀ ಕುಡಿಯುತ್ತಾ ಅವನು ಅತ್ತೆಗೆ ಕೇಳಿಸದ ಹಾಗೆ ಹೇಳಿದ್ದ. “ಟೀಚರ್, ಸಂಜೆಗೆ ನಿಮ್ಮತ್ರ ಒಂದು ಮಾತು ಕೇಳ್ಬೇಕು. ಇಲ್ಲಿ ಬ್ಯಾಡ. ಕಡಲ ಹತ್ರ.”

ಆ ಮಾತು ಏನೆಂದು ಅವಳಿಗೆ ಗೊತ್ತಿಲ್ಲದೆ ಇದ್ದೀತೆ? ದಾರಿಯುದ್ದಕ್ಕೂ ಅವಳ ಎದೆ ಡವಡವ ಎನ್ನುತ್ತಿತ್ತು. ಕೇಳಲಿ... ಬೇಗ ಕೇಳಲಿ...!

ಮೊದಲು ನೋಡಿದ್ದು ದೀಪಸ್ತಂಭದ ಹತ್ತಿರದ ಬಯಲು. ಜನರ ಓಡಾಟವಿತ್ತು, ಆದರೆ ನೀರು ಉಪ್ಪು. ಎರಡನೆಯದು ಈ ತೋಪು. ನೆರಳಿತ್ತು, ಸಿಹಿನೀರಿನ ಬಾವಿಯಿತ್ತು. ಆದರೆ ಬಾವಿಗೆ ಹೊಸ ಹಗ್ಗ ಕಟ್ಟಿದ್ದರೂ ಸೇದುವವರು ಯಾರೂ ಕಾಣಲಿಲ್ಲ. ಮರಳಿನ ಮೇಲೆ ಒಂದು ಹೆಜ್ಜೆ ಗುರುತೂ ಇರಲಿಲ್ಲ. ತೋಪಿನ ಬಾಯಲ್ಲಿ ತಾಟಿನುಂಗಿನ ಹಣ್ಣು ಮಾರಲು ಇಟ್ಟುಕೊಂಡು ಒಬ್ಬ ಮುದುಕಿ ಮಾತ್ರ ಕೂತಿದ್ದಳು.

“ಪೇರೆನ್ನಮ್ಮಾ?” ಎಂದು ಹೆಸರು ಕೇಳಿದ್ದಳು. ಹೇಳಿದಾಗ, “ಲಚ್ಚುಮೀ...” ಎಂದು ಬಾಯಲ್ಲೇ ಚಪ್ಪರಿಸಿ, “ಯಾರಾವದು ಕೂಪ್ಪಿಟ್ಟಾ ತಿರುಂಬಾದೇಮ್ಮಾ” ಎಂದಿದ್ದಳು. ಯಾರಾದರೂ ಕರೆದರೆ ತಿರುಗಬೇಡ!

ಇಷ್ಟಾದ ಮೇಲೆ ಯಾರು ತಾನೇ ಓಗೊಡುತ್ತಾರೆ, ನೀವೇ ಹೇಳಿ.

ಅವಳು ವ್ಯಾನಿನ ಬಳಿ ಏದುಸಿರು ಬಿಡುತ್ತಾ ನಿಂತ ಎಷ್ಟೋ ಹೊತ್ತಿನ ಮೇಲೆ ರಾಮಚಂದ್ರಪ್ಪ ತೋಪಿನಿಂದ ಹೊರಗೆ ಬಂದ. ಮುಖದಲ್ಲಿ ರಕ್ತವೇ ಇರಲಿಲ್ಲ.

“ಹೋಗಾನ, ಟೀಚರ್.”

ಅಷ್ಟೇ. ಸಂಜೆಗೆ ಕೇಳಬೇಕಿದ್ದ ಮಾತು ಏನಾಯಿತು? ಹೊಸೂರಿನ ತನಕ ಅವನು ತುಟಿ ಬಿಚ್ಚಲಿಲ್ಲ. ಅವಳು ಕಿಟಕಿಯ ಕಡೆ ಮುಖ ಮಾಡಿ ಅತ್ತೆಗೆ ಕಾಣದಂತೆ ಕಣ್ಣೊರೆಸಿಕೊಂಡಳು.

ಮಾರನೆಯ ದಿನ ಶಾಂತಾಬಾಯಿ ಇಬ್ಬರನ್ನೂ ಕರೆಸಿದರು. “ಯಾವ ಜಾಗ ಗೊತ್ತು ಮಾಡಿದ್ರಿ?”

“ತೋಪಿನ ನೀರು ಚೆನ್ನಾಗೈತೆ ಮೇಡಂ,” ಎಂದ ರಾಮಚಂದ್ರಪ್ಪ.

“ಬೇಡ ಮೇಡಂ!” ವೆಂಕಟಲಕ್ಷ್ಮಿ ಕುರ್ಚಿಯಿಂದ ಎದ್ದೇಬಿಟ್ಟಳು. “ಆ ತೋಪಲ್ಲಿ ಕೇಳಿದ ಕೂಗು ಇನ್ನೊಂದು ಸಲ ನನ್ನ ಕಿವಿಗೆ ಬೀಳೋದೇ ಬೇಡ!”

ರಾಮಚಂದ್ರಪ್ಪ ತಲೆ ತಗ್ಗಿಸಿದ. “ಬೀಳಲ್ಲ ಟೀಚರ್. ಆ ಕೂಗು ಇನ್ಮ್ಯಾಕೆ ನಿಮಗೆ ಕೇಳ್ಸಲ್ಲ.”

ಅವಳು ಅವನನ್ನೇ ದಿಟ್ಟಿಸಿದಳು. ಯಾವ ಕೂಗು ಎಂದು ಕೂಡ ಇವರು ಕೇಳಲಿಲ್ಲವಲ್ಲ? ಇನ್ನು ಕೇಳಿಸುವುದಿಲ್ಲ ಎಂದು ಇಷ್ಟು ಖಚಿತವಾಗಿ ಹೇಗೆ ಹೇಳುತ್ತಾರೆ? ತೋಪಿನೊಳಗೆ ಹೋದದ್ದು ರಾಮಚಂದ್ರಪ್ಪ... ಹೊರಗೆ ಬಂದದ್ದೂ ಅವರೇನಾ?

ಆಮೇಲೆ ಅವನು ಶಾಲೆಯ ಕಡೆ ಸುಳಿಯಲಿಲ್ಲ. ಕೋಲಾರದ ಕಡೆಯ ಆಫೀಸಿಗೆ ವರ್ಗ ಕೇಳಿದ್ದಾನೆ ಎಂಬ ಸುದ್ದಿ ಮಾತ್ರ ಬಂತು.

ಅದನ್ನು ಕೇಳಿದ ದಿನ ವೆಂಕಟಲಕ್ಷ್ಮಿ ಊಟದ ತಟ್ಟೆಯ ಮುಂದೆ ಗೊಳೋ ಎಂದು ಅತ್ತಳು. ತೋಪಿನ ವಿಷಯವನ್ನೆಲ್ಲ ಅತ್ತೆಯ ಮುಂದೆ ಸುರಿದಳು. ತುಳಸಮ್ಮ ಹುಳಿ ಬಡಿಸುವುದನ್ನು ನಿಲ್ಲಿಸಿದಳು.

“ಏನಂತ ಕೂಗ್ತು ಅದು?”

“ವೆಂಕಟಲಕ್ಷ್ಮೀ ಅಂತ...”

“ಹಂಗೇ? ಅಷ್ಟು ಚೊಕ್ಕವಾಗಿ?”

“ಹೂಂ ಅತ್ತೆ.”

“ನಿಮ್ಮ ಶಾಲೆ ತಮಿಳು ಟೀಚರಮ್ಮ ನಿನ್ನ ಏನಂತ ಕರೀತಾಳೆ?”

“ವೆಂಗಡಲಚ್ಚುಮಿ.”

“ತಾಟಿನುಂಗಿನ ಮುದುಕಿ?”

“ಲಚ್ಚುಮಿ.”

ತುಳಸಮ್ಮ ಸೌಟನ್ನು ಠಣ್ ಎಂದು ಪಾತ್ರೆಗೆ ಕುಕ್ಕಿದಳು. “ಮತ್ತೆ ಆ ಕಡಲ ದೆವ್ವಕ್ಕೆ ಕನ್ನಡ ಹೇಳ್ಕೊಟ್ಟೋರು ಯಾರೇ, ಪೆದ್ದಿ? ಆ ದಡದಲ್ಲಿ ನಿನ್ನ ಹೆಸರನ್ನ ಹಂಗೆ ಕರೆಯಾಕೆ ಬರೋನು ಒಬ್ಬನೇ ಕಣೇ!”

ವೆಂಕಟಲಕ್ಷ್ಮಿಯ ಅಳು ಅಲ್ಲೇ ನಿಂತಿತು.

ಅಯ್ಯೋ... ಅದೇ ಆ ಮಾತಾಗಿತ್ತೇ? ‘ಟೀಚರ್’ ಬಿಟ್ಟು ಮೊದಲ ಸಲ ಹೆಸರು ಹಿಡಿದು ಕರೆದು ನೋಡಿದರೇ? ನಾನು ಓಡಿಹೋದೆನೇ? ಮೇಲಿಂದ ಹೆಡ್‌ಮಿಸ್ ಮುಂದೆ ಆ ಕೂಗೇ ಬೇಡ ಎಂದುಬಿಟ್ಟೆನೇ?

ಬೆಳಗ್ಗೆ ಅವಳು ಶಾಂತಾಬಾಯಿಯ ಮುಂದೆ ನಿಂತಳು. “ತೋಪು ಇನ್ನೊಂದು ಸಲ ನೋಡ್ಬೇಕು ಮೇಡಂ. ರಾಮಚಂದ್ರಪ್ಪನವರೇ ಬರ್ಲಿ.”

ಅವನು ಬಂದ. ಕಾವಲಿಗೆ ತುಳಸಮ್ಮ ಈ ಸಲವೂ ಹೊರಟಳು. ತೋಪು ಸೇರುವಾಗ ಮತ್ತದೇ ಮುಸ್ಸಂಜೆ. ಮುದುಕಿ ಕೂತಿದ್ದ ಜಾಗದಲ್ಲಿ ಬರಿಯ ಮರಳು. ಬಾವಿಯ ಹಗ್ಗ ಒದ್ದೆಯಾಗಿತ್ತು. ಈಗಷ್ಟೇ ಯಾರೋ ಸೇದಿ ಹೋದಂತೆ ನೀರು ತೊಟ್ಟಿಕ್ಕುತ್ತಿತ್ತು.

ವೆಂಕಟಲಕ್ಷ್ಮಿ ಅವನಿಗೆ ಬೆನ್ನು ಮಾಡಿ ನಿಂತಳು.

“ಆವತ್ತು ಕರೆದ ಹಾಗೆ ಕರೀರಿ.”

“ಬ್ಯಾಡ ಟೀಚರ್... ಓ ಅಂದ್ರೆ ಕೇಳೋದು, ಅನ್ನದೇ ಇದ್ರೆ ಸುಮ್ನಾಗೋದು ಅಂದ್ಕೊಂಡಿದ್ದೆ. ನೀವು ಓಡೋದ್ರಿ. ನಂಗೆ ಅರ್ಥ ಆಯ್ತು.”

“ಏನೂ ಅರ್ಥ ಆಗಿಲ್ಲ ನಿಮಗೆ!” ಎಂದಳು. “ನಮ್ಮನೇಲಿ ಒಂದು ಸಲ ಕೂಗಿದ್ರೆ ಓಗೊಡಲ್ಲ. ಒಂದೇ ಸಲ ಕೂಗೋದು ದೆವ್ವ. ನೀವು ಯಾಕ್ರೀ ಒಂದೇ ಸಲ ಕೂಗಿ ಬಿಟ್ಬಿಟ್ರಿ?”

ಬೆನ್ನ ಹಿಂದೆ ಅವನ ಹೆಜ್ಜೆಗಳು ತೋಪಿನೊಳಕ್ಕೆ ಸರಿದವು.

“ವೆಂಕಟಲಕ್ಷ್ಮೀ...”

ಅವಳು ಕಣ್ಣು ಮುಚ್ಚಿದಳು.

“ವೆಂಕಟಲಕ್ಷ್ಮೀ.” ಈಗ ದನಿ ಹತ್ತಿರ ಬಂದಿತ್ತು.

ಮೂರನೆಯದು ಕಿವಿಯ ಬಳಿಯೇ ಕೇಳಿಸಿತು. “ವೆಂಕಟಲಕ್ಷ್ಮಿ.”

“ಓ...” ಎಂದಳು. ಆ ಒಂದು ಅಕ್ಷರದ ಜೊತೆಗೆ ಇಷ್ಟು ದಿನದ ಅಳುವೂ ಹೊರಬಂತು.

“ನನ್ನ ಮದ್ವೆ ಆಗ್ತೀರಾ?”

“ಓ ಅಂದ್ನಲ್ಲ! ಇನ್ನೇನು ಬೇಕು?”

ಅವನು ನಗುತ್ತಾ ಅವಳ ಕೈ ಹಿಡಿದ. ಆಗಲೇ ಗಾಳಿ ತಟ್ಟನೆ ನಿಂತಿತು. ಎಲ್ಲ ಮರಗಳೂ ಒಟ್ಟಿಗೆ ಸುಮ್ಮನಾದವು. ತೋಪಿನ ಒಳಗಿನಿಂದ, ಕಡಲ ಕಡೆಯಿಂದ, ತೇಲಿ ಬಂತು...

“ಲಚ್ಚುಮೀ...”

ಅವನ ಕೈ ತಣ್ಣಗಾಯಿತು. “ನಾ... ನಾನಲ್ಲ ಕೂಗಿದ್ದು.”

“ಗೊತ್ತು. ತಿರುಗ್ಬೇಡಿ. ನಡೀರಿ.”

ಇಬ್ಬರೂ ಕೈ ಬಿಡದೆ ವ್ಯಾನಿನ ದೀಪದ ಕಡೆ ನಡೆದರು. ಎರಡನೇ ಕೂಗು ಬರಲಿಲ್ಲ.

“ಕ್ಯಾಂಪು ದೀಪಸ್ತಂಭದ ಹತ್ರಾನೇ,” ಎಂದಳು ಅವಳು. “ಸಿಹಿನೀರು ಡ್ರಮ್ಮಲ್ಲಿ ಹೊತ್ಕೊಂಡು ಬರೋಣ.”

“ಹೂಂ... ನಿಮಗೆ ಹೆದ್ರಿಕೆ ಆಗ್ಲಿಲ್ವಾ?”

ಅವಳು ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

“ಆಯ್ತು ರೀ. ಆದ್ರೆ ಅದು ತಡವಾಗಿ ಕರೀತು. ನಾನಾಗಲೇ ನಿಮಗೆ ಓಗೊಟ್ಟಾಗಿತ್ತು.”