ಅತ್ತೆಯ ಗುಂಡಿ

ನನಗೆ ದೆವ್ವಗಳಲ್ಲಿ ನಂಬಿಕೆಯಿಲ್ಲ. ನಮ್ಮ ಅತ್ತೆಯಲ್ಲಿ ಇದೆ.

ನಾನೂ ನನ್ನ ಗಂಡನೂ ಮನೆಯಲ್ಲೇ ಪುಸ್ತಕಗಳ ಪುಟವಿನ್ಯಾಸ ಮಾಡುತ್ತೇವೆ. ಮೌಸ್ ಪಕ್ಕದಲ್ಲಿ ಅಂಗೈಯಗಲದ ಶಾರ್ಟ್‌ಕಟ್ ಕೀಪ್ಯಾಡ್. ಒಂದು ಗುಂಡಿ ಒತ್ತಿದರೆ ಅಂಚು ಸರಿಹೋಗುತ್ತದೆ, ಇನ್ನೊಂದು ಒತ್ತಿದರೆ ಪುಟಸಂಖ್ಯೆ ಕೂರುತ್ತದೆ. ಮೂಲೆಯ ಗುಂಡಿಯನ್ನು ಮಾತ್ರ ಅತ್ತೆ ಹಟ ಹಿಡಿದು ತಮಗಾಗಿ ಮಾಡಿಸಿಕೊಂಡಿದ್ದರು. ಅದನ್ನು ಒತ್ತಿದರೆ ಕೆಲಸ ಸೇವ್ ಆಗಿ ಪರದೆ ಕಪ್ಪಾಗುತ್ತಿತ್ತು. ಮಧ್ಯಾಹ್ನ ಅಡುಗೆಮನೆಯಿಂದ ಸೋಪಿನ ವಾಸನೆಯ ಒದ್ದೆ ಕೈಯಲ್ಲೇ ಬಂದು ಟಕ್ ಅನ್ನಿಸುತ್ತಿದ್ದರು. "ಏಳ್ರಿ ಇಬ್ರೂ, ಊಟ ಆರಿಹೋಗುತ್ತೆ!"

ಅವರು ತೀರಿಕೊಂಡ ಮೇಲೆ ಆ ಗುಂಡಿಗೆ ಕೊಟ್ಟಿದ್ದ ಕೆಲಸವನ್ನು ಅಳಿಸಿಹಾಕಿದೆವು. ಆದರೂ ಮಧ್ಯಾಹ್ನವಾದರೆ ಟಕ್, ಪರದೆ ಕಪ್ಪು. ಗುಂಡಿ ಮುಟ್ಟಿದರೆ ಒದ್ದೆ. "ಏನೋ ಲೂಸ್ ಕನೆಕ್ಷನ್ ಕಣೇ" ಎಂದು ಗಂಡ ಕೀಪ್ಯಾಡನ್ನೇ ಕಿತ್ತು ಡ್ರಾಯರ್‌ಗೆ ಹಾಕಿ ಬೀಗ ಜಡಿದರು.

ಮರುದಿನ ಅವಸರದ ಪುಸ್ತಕ. ಸಂಜೆಯೊಳಗೆ ಕೊಡದಿದ್ದರೆ ಕೆಲಸ ಕೈತಪ್ಪುತ್ತಿತ್ತು. "ಇವತ್ತು ಊಟ ಬೇಡ ಬಿಡಿ" ಎಂದೆ. ಡ್ರಾಯರ್ ಒಳಗೆ ಟಕ್ ಎಂದಿತು. ಪರದೆ ಕಪ್ಪಾಯಿತು. ಕುತ್ತಿಗೆಯ ಹಿಂದೆ ತಣ್ಣಗೆ ಸೋಪಿನ ವಾಸನೆ ಸುಳಿಯಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಆಮೇಲೆ ಗಂಡ ಚಿಕ್ಕ ಹುಡುಗನ ಹಾಗೆ ದಡಬಡಿಸಿ ಎದ್ದು, "ಬಂದ್ವಮ್ಮಾ!" ಎಂದು ಕೂಗಿದರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಹೊಟ್ಟೆ ತುಂಬ ಉಂಡೆವು. ಪುಸ್ತಕವೂ ಹೊತ್ತಿಗೆ ಸರಿಯಾಗಿ ಮುಗಿಯಿತು.

ಆ ಬೀಗವನ್ನು ನಾವಿನ್ನೂ ತೆಗೆದಿಲ್ಲ. ದಿನಾ ಊಟದ ಹೊತ್ತಿಗೆ ಡ್ರಾಯರ್ ಸಂದಿಯಿಂದ ನೀರಿನ ಹನಿಯೊಂದು ಇಳಿಯುತ್ತದೆ. ಅದನ್ನು ಒರೆಸಿ, ನಾವು ಕೈ ತೊಳೆಯಲು ಏಳುತ್ತೇವೆ.